ಉಂಗುರ ಬೆರಳಿನ ಅರ್ಧ

ರಾತ್ರಿ ಮೂರಕ್ಕೆ ಎದ್ದು
ಎಡಗೈ ಕೊಡವುತ್ತಾಳೆ ಎತೆಲ್ವೀನಾ,
ಹಿಂಡಿದ ಬಟ್ಟೆ ಕೊಡವಿದ ಹಾಗೆ.
ಹೆಬ್ಬೆರಳು, ತೋರುಬೆರಳು, ನಡುಬೆರಳು
ಇನ್ನೂ ನಿದ್ದೆಯಲ್ಲಿವೆ.
ಅವಳೊಬ್ಬಳಿಗೇ ಎಚ್ಚರ.

ಮತೊಸಿನ್ಯೋಸ್ ಬಂದರಿನ ಬೆನ್ನಿಗೆ ಸಾರ್ಡೀನ್ ಕಾರ್ಖಾನೆ.
ಮೂವತ್ತೊಂದು ವರ್ಷ ಡಬ್ಬಿಗೆ ಕಾಗದ ಸುತ್ತಿದ ಕೈ:
ಮಡಿಸು, ತಿರುಗಿಸು, ಒತ್ತು,
ಚುಂಗು ಕಾಣದ ಹಾಗೆ ಒಳಗೆ ತುರುಕು.

ಡಾಕ್ಟರ್ ಫ್ರೈತಾಸ್ ನೀಲಿ ಪೆನ್ನು ತೆಗೆದು
ಮಣಿಕಟ್ಟಿನ ಮೇಲೇ ಬರೆದು ತೋರಿಸಿದರು.
ಇಲ್ಲಿ ಎಂಟು ಮೂಳೆ, ಎರಡು ಸಾಲು.
ಇದು ದೋಣಿ. ಪಕ್ಕದ್ದು ಅರ್ಧಚಂದ್ರ.
ಇದು ಬಟಾಣಿ ಕಾಳು, ಮುಟ್ಟಿ ನೋಡಿ,
ಕೈ ಸಡಿಲ ಬಿಟ್ಟರೆ ಅಲ್ಲಾಡುತ್ತದೆ.
ಇದು ಕೊಕ್ಕೆ.
ಸಾಕು, ಎಂದಳು. ದೋಣಿ, ಚಂದ್ರ, ಕೊಕ್ಕೆ,
ಇಷ್ಟಿದ್ದರೆ ನಮ್ಮಪ್ಪ ಕಡಲಿಗೆ ಹೊರಟೇಬಿಡುತ್ತಿದ್ದ.
ಬಲೆ ಎಲ್ಲಿ?

ಬಲೆಯಿಲ್ಲ. ಮೂಳೆಗಳ ಈ ದೊನ್ನೆಯ ಬಾಯಿಗೆ
ಬಿಗಿದು ಕಟ್ಟಿದ ಪಟ್ಟಿಯಿದೆ.
ಒಳಗೆ ಒಂಬತ್ತು ಹುರಿ, ಬೆರಳು ಮಡಿಸಲು ಎಳೆಯುವಂಥವು.
ಅವುಗಳ ಜೊತೆ ನರ, ಒಂದೇ ಒಂದು.
ಹುರಿಯ ಪೊರೆ ಬಾತರೆ
ಪಟ್ಟಿ ಜಗ್ಗುವುದಿಲ್ಲ, ಮೂಳೆ ಸರಿಯುವುದಿಲ್ಲ.
ಯಾರು ಮೆತ್ತಗಿದ್ದಾರೋ ಅವರ ಮೇಲೇ ಭಾರ.

ಡಬ್ಬಿ, ಎಂದಳು ಎತೆಲ್ವೀನಾ.
ಐದು ಹಿಡಿಸುವಲ್ಲಿ ಆರು ಮೀನು.

ಕಿರುಬೆರಳಿನ ನರ ಬೇರೆ.
ಅದು ಈ ಸುರಂಗಕ್ಕೆ ಇಳಿಯುವುದೇ ಇಲ್ಲ,
ಸುಂಕದ ಕಟ್ಟೆ ತಪ್ಪಿಸಿ ಅಡ್ಡದಾರಿ ಹಿಡಿದವರ ಹಾಗೆ
ಹೊರಗಿನಿಂದಲೇ ಹಾದುಹೋಗುತ್ತದೆ.
ಉಂಗುರ ಬೆರಳು ಮಾತ್ರ ಪಾಲಾದ ಹೊಲ:
ನಡುಬೆರಳ ಕಡೆಯದು ಇದಕ್ಕೆ, ಆಚೆಯದು ಅದಕ್ಕೆ.
ಪಿನ್ನಿನ ಮೊನೆ ತಾಗಿಸಿ ಕೇಳಿದರು,
ಇಲ್ಲಿ?
ಇಲ್ಲ.
ಇಲ್ಲಿ?
ಹೂಂ.

ಪಟ್ಟಿ ಕತ್ತರಿಸಿದರೆ ನರಕ್ಕೆ ಉಸಿರು ಬರುತ್ತದೆ,
ಅರ್ಧ ಗಂಟೆಯ ಕೆಲಸ ಅಷ್ಟೆ.
ಈಗ ಜುಲೈ. ಮೀನು ಕೊಬ್ಬಿರುವ ಕಾಲ.
ಸೀಸನ್ ಮುಗಿಯಲಿ ಎಂದು ಎದ್ದು ಬಂದಳು,
ಪೆನ್ನಿನ ದೋಣಿ ಸೋಪಿಗೆ ಎರಡು ದಿನ ಹೋಗಲಿಲ್ಲ.

ಆರ್ಮಿಂದು ಲಕ್ಸೆಂಬರ್ಗಿನಲ್ಲಿ ಗಾರೆ ಕೆಲಸಕ್ಕೆ,
ವರ್ಷಕ್ಕೊಂದು ಆಗಸ್ಟ್ ಮನೆಗೆ.
ಫೋನಿನಲ್ಲಿ ಹೇಳಿದಳು, ಕೈ ಸ್ವಲ್ಪ ಜೋಮು, ಬೇರೇನಿಲ್ಲ.
ಅವನೂ ಹೇಳಿದ, ಸೊಂಟ ಸ್ವಲ್ಪ, ಬೇರೇನಿಲ್ಲ.

ಮತ್ತೆ ಮೂರು ಗಂಟೆ.
ಅಡುಗೆಮನೆಯ ಕತ್ತಲಲ್ಲಿ ನಿಂತು
ಬಲಗೈಯಿಂದ ಉಂಗುರ ತಿರುಗಿಸುತ್ತಾಳೆ.
ಕಿರುಬೆರಳ ಕಡೆ ಚಿನ್ನ ತಣ್ಣಗಿದೆ.
ಇತ್ತ ಕಡೆ
ತಿರುಗಿದ್ದೂ ಗೊತ್ತಾಗುವುದಿಲ್ಲ.