ಮೂವತ್ತಾರು ಮನೆಯ ಪ್ಯಾರೇಜಾನ್

ಶಿಡ್ಲಘಟ್ಟದ ಪ್ರೆಸ್ಸಿನಲ್ಲಿ ಮಿಕ್ಕ ಲಗ್ನಪತ್ರಿಕೆ ಕತ್ತರಿಸಿ
ಸಂಪಂಗಯ್ಯ ಮಾಡಿದ ಕಾರ್ಡು.
ಬೆನ್ನಿಗೆ ಇನ್ನೂ ಅರಿಶಿನದ ಅಂಚು,
ಅರ್ಧ ಅಚ್ಚು: ‘ಆಗಮನಾಭಿಲಾ’.
ಉಳಿದ ‘ಷಿಗಳು’ ಕತ್ತರಿಯ ಆಚೆಗೆ,
ಫಾಸ್ಟ್ ಬೌಲರ್ ಚೌಡರೆಡ್ಡಿಯ ಬೆನ್ನಿಗೆ ಹೋಯಿತು.

ಮುಂದೆ, ಮೊಳೆ ಜೋಡಿಸುವವನ ಅಚ್ಚುಕಟ್ಟು ಕೈಬರಹ:
ಪ್ಯಾರೇಜಾನ್. ಕೀಪರ್. ಹನ್ನೊಂದನೆಯವ.
ಸರಾಸರಿ: ಮುಕ್ಕಾಲು ರನ್ನು.

ಕೆಂಪು ದಾಳ ಹತ್ತರ ಸ್ಥಾನ, ಬಿಳಿಯದು ಬಿಡಿ.
ಹನ್ನೊಂದರಿಂದ ಅರವತ್ತಾರರ ತನಕ
ಒಬ್ಬೊಬ್ಬನಿಗೂ ಮೂವತ್ತಾರು ಮನೆ.
ಇವನದರಲ್ಲಿ ಹದಿನಾಲ್ಕು ಔಟು,
ಹದಿನೈದು ಸೊನ್ನೆ, ಆರು ಒಂಟಿ ರನ್ನು,
ಅರವತ್ತಾರು ಬಿದ್ದರೆ ಮಾತ್ರ ಒಂದು ಬೌಂಡರಿ.
ಅದೂ ಕಣ್ಣುಮುಚ್ಚಿ ಬೀಸಿ, ಅಂಚಿಗೆ ತಾಗಿ,
ಸೊಪ್ಪಿನ ಗಾಡಿಯ ಅಡಿಗೆ ಉರುಳಿದ್ದು.
‘ಹೆಂಗಾದರೂ ಹೋಗಲಿ, ಲೆಕ್ಕದಲ್ಲಿದೆ’ ಅಂದ ಸಂಪಂಗಯ್ಯ.

ಕರೆಂಟು ಹೋದ ರಾತ್ರಿ, ಮಸಿಗಲ್ಲಿನ ಮೇಲೆ ಆಟ.
ನಾನು ಪ್ರೂಫ್ ಹೊರುವ ಹುಡುಗ.
ಟೀಮು ಕಟ್ಟುವಾಗ ಇವನನ್ನು ಗೋಂದಿನ ಡಬ್ಬಿಯ ಕೆಳಗೆ ಬಚ್ಚಿಡುತ್ತಿದ್ದೆ.
‘ತೆಗಿಯೋ ಹೊರಗೆ. ಕ್ಯಾಚಿನ ಸಾಲು ನೋಡಿದೀಯ?’
ನೋಡಿದೆ.
ಬಿಡುವ ಮನೆ ಒಂದೂ ಇರಲಿಲ್ಲ.

ಹಗಲೆಲ್ಲ ಅವನು ಬಿಚ್ಚಾಣಿಕೆಯ ಚರಕದ ಮುಂದೆ.
ಕುದಿನೀರಲ್ಲಿ ಗೂಡು ತಡಕಿ
ಕಾಣದ ಎಳೆಯ ತುದಿ ಹಿಡಿಯುವ ಬೆರಳು.
ಬೆಂದು, ಬಿಳಿಚಿ, ಗೆರೆ ಅಳಿಸಿಹೋದದ್ದು.
ಬ್ಯಾಟಿನ ಹಿಡಿ ಬಿಗಿದರೆ ಚರ್ಮ ಕೈಬಿಡುತ್ತಿತ್ತು,
ಚೆಂಡು ಮಾತ್ರ ತಾನೇ ಬಂದು ಕೂರುತ್ತಿತ್ತು.
ಇದನ್ನು ಯಾವ ಮನೆಗೆ ಹಾಕುವುದೆಂದು
ಸಂಪಂಗಯ್ಯನಿಗೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಮಗಳ ನಿಕಾಹ್ ಪತ್ರಿಕೆಗೆ ಅವನೇ ಬಂದ.
ಕಾರ್ಡು ಕಲ್ಲಿನ ಮೇಲೇ ಇತ್ತು.
ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಬಲ್ಲ.
ಬಿಳಿಚಿದ ಬೆರಳಿಟ್ಟು ಒಂದೊಂದೇ ಮನೆ ದಾಟಿದ.
ನಾನು ನಗು ತಡೆಯಲು ಮಸಿ ಕಲಸುತ್ತ ನಿಂತೆ.

‘ಹದಿನಾಲ್ಕು ಜಾಸ್ತಿ ಆಯ್ತು ಸಾಮಿ.
ಚಿಂತಾಮಣೀಲಿ ಆ ರನೌಟು ನಂದಲ್ಲ.
ಬಾ ಅಂದವನು ಚೌಡರೆಡ್ಡಿ. ನಿಂತವನೂ ಅವನೇ.’

ಸಂಪಂಗಯ್ಯ ಸ್ಕೋರಿನ ಪುಸ್ತಕ ತೆಗೆದ.
ಹಾಳೆ ತಿರುವಿದ, ಕನ್ನಡಕ ಒರೆಸಿದ.
ರನೌಟ್ ಅಂತಿತ್ತು.
ಕರೆದವರು ಯಾರೆಂದು ಯಾರೂ ಬರೆಯುವುದಿಲ್ಲ.

ಆಮೇಲೆ ಬ್ಲೇಡು ಹಿಡಿದು
ಮೂವತ್ತನಾಲ್ಕನೆಯ ಮನೆಯನ್ನು ಕೆರೆದ, ಉಫ್ ಎಂದು ಊದಿದ.
‘ರನ್ನು ಕೊಡಲ್ಲ. ನೀನು ಓಡಿ ಮುಗಿಸಿಲ್ಲ.’
‘ಬೇಡ. ನಿಂತಿದ್ದೆ ಅಂತ ಇರಲಿ.’
ಒಂದು ಸೊನ್ನೆ ಬಂತು. ಮುಕ್ಕಾಲಿಗೆ ಕೂದಲೆಳೆ ಕಮ್ಮಿ ಇದ್ದ ಸರಾಸರಿ
ಕೂದಲೆಳೆ ಮೇಲೆ ಹತ್ತಿತು.
ಪತ್ರಿಕೆಗೆ ಹಸಿರು ಮಸಿಯಿರಲಿ ಎಂದು ಹೇಳಿ ಹೋದ.
ದಾಳ ಕೊಟ್ಟರೂ ಮುಟ್ಟಲಿಲ್ಲ.

ಈಗ ಕಾರ್ಡೆಲ್ಲ ನನ್ನ ಬಳಿ, ಸೋಪಿನ ಡಬ್ಬಿಯಲ್ಲಿ.
ನಿನ್ನೆ ರಾತ್ರಿ ಎರಡೂ ಕಡೆ ನಾನೇ ಆಡಿದೆ.
ಕೊನೆಯ ಜೋಡಿ, ಬೇಕು ಒಂಬತ್ತು.
ಓವರಿನ ಕೊನೆಯ ಚೆಂಡು ಪ್ಯಾರೇಜಾನನಿಗೆ.
ಕೆಂಪು ಮೂರು. ಬಿಳಿ ನಾಲ್ಕು.

ಬ್ಲೇಡು ಕೆರೆದಲ್ಲಿ ಕಾಗದ ತೆಳು.
ದೀಪಕ್ಕೆ ಹಿಡಿದರೆ ಸೊನ್ನೆಯೊಳಗೆ
ಬೆನ್ನಿನ ‘ಭಿ’ ತಿರುಗುಮುರುಗಾಗಿ ಕಾಣುತ್ತದೆ.

ಆಚೆ ತುದಿಯಲ್ಲಿ ಚೌಡರೆಡ್ಡಿ ಮೊದಲ ಚೆಂಡಿಗೇ ಬೌಲ್ಡು.
ಸೋತೆ, ನಾನೇ ಗೆದ್ದೆ ಕೂಡ.
ಬರೆದೆ: ಪ್ಯಾರೇಜಾನ್, ಔಟಿಲ್ಲ, ಸೊನ್ನೆ.

ಇಬ್ಬರನ್ನೂ ಮಗುಚಿ ಪಕ್ಕಪಕ್ಕಕ್ಕೆ ಇಟ್ಟು ನೋಡಿದೆ.
‘ಆಗಮನಾಭಿಲಾ’, ಆಮೇಲೆ ‘ಷಿಗಳು’.
ಪೂರ್ತಿ ಕೂಡಲಿಲ್ಲ.
ನಡುವೆ ಕತ್ತರಿ ತಿಂದಷ್ಟು ಸಂದು.