ಟವೆಲ್ಲಿನ ಕೆಳಗೆ ಎರಡು ವರ್ಷ

ವರ್ಷಕ್ಕೆ ಆರು ಲಕ್ಷ. ಇನ್ನೂ ಎರಡು ವರ್ಷ ಬಾಕಿ.
ಇದನ್ನು ಹೇಳುವಾಗೆಲ್ಲ ಜಬೀವುಲ್ಲಾ
ತನ್ನ ಟೈರ್ ಅಂಗಡಿಯ ಗಲ್ಲಾದಿಂದಲೇ ಹೋದ ಹಾಗೆ
ಎದೆಯ ಜೇಬು ಮುಟ್ಟಿಕೊಳ್ಳುತ್ತಾನೆ.

ಕ್ರೀಡಾಂಗಣದ ಹಿಂದಿನ ಗೇಟು, ಟೀ ಗಾಡಿ,
ನಿನ್ನೆ ರಾತ್ರಿ ಹನ್ನೊಂದು ಪಾಯಿಂಟಿನಿಂದ ಸೋತ ಹಾಸನ.
ಆರಡಿ ಆರಂಗುಲದ ಲೋಹಿತನದು ಬರೀ ನಾಲ್ಕು.
"ಹಾಸನಾಂಬೆ ಬಾಗಿಲಾದರೂ ವರ್ಷಕ್ಕೊಂದ್ಸಲ ತೆಗೀತದೆ,
ಇವನ ಕೈ?" ಅಂದ ಸ್ಟುಡಿಯೋ ನಂಜೇಶ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ಸ್ಕೋರು ಬರೆಯುವವಳು ನಗಬಾರದೆಂದು
ಯಾವ ನಿಯಮದಲ್ಲೂ ಇಲ್ಲ.

"ತುಮಕೂರಿಗೆ ದಾಟಿಸಿಬಿಡಿ."
"ಅವರಿಗೇನು ಹುಚ್ಚೇ?"
"ಹಂಗಾದರೆ ಚಿಕ್ಕಮಗಳೂರು. ಅಲ್ಲಿ ಎತ್ತರದವರಿಲ್ಲ."
"ಎತ್ತರಕ್ಕೆ ಮುಳ್ಳಯ್ಯನಗಿರಿ ಇದೆಯಲ್ಲ ಅವರಿಗೆ,
ಪುಕ್ಕಟೆ. ಇವನಿಗಿಂತ ಚುರುಕು."
"ಅರ್ಧ ಸಂಬಳ ನಾವೇ ಕೊಟ್ಟು ಕಳಿಸೋಣ."
"ಮಗಳನ್ನ ಗಂಡನ ಮನೆಗೆ ಕಳಿಸ್ತಿದೀಯೇನಯ್ಯಾ?"

ಮಂಡಿ ಚನ್ನಕೇಶವ ಕೊನೆಗೆ ಬಾಯಿ ಬಿಟ್ಟ.
ತಂಡಕ್ಕೆ ದುಡ್ಡು ಹಾಕಿದ ಏಳು ಜನರಲ್ಲಿ ಒಬ್ಬ,
ಮೂವತ್ತು ವರ್ಷ ಆಲೂಗಡ್ಡೆ ತೂಗಿದ ಕೈ.
"ಹಸಿರು ತಿರುಗಿದ ಗೆಡ್ಡೆ ಒಂಟಿಯಾಗಿ ಹೋಗಲ್ಲ ಕಣ್ರೋ.
ಮೂಟೆ ಬಾಯಲ್ಲಿ ನಾಲ್ಕು ಒಳ್ಳೇದಿಟ್ಟು ಹೊಲೀಬೇಕು."

ಯಾವುದು ಆ ಒಳ್ಳೇದು ಅಂತ ಯಾರೂ ಕೇಳಲಿಲ್ಲ.
ಜಬೀವುಲ್ಲಾ ಲೋಟದ ತಳ ನೋಡಿದ.
ಆಲೂರಿನ ಇಂದುಧರ, ಹತ್ತೊಂಬತ್ತು,
ಎಂಟನೇ ಕ್ಲಾಸಿನಲ್ಲಿ ಬರಿಗಾಲಲ್ಲಿ
ನನ್ನ ಸೀಟಿಗೆ ಓಡಿದವನು.
ನಿನ್ನೆ ಅವನೊಬ್ಬನದೇ ಇಪ್ಪತ್ಮೂರು.

ಪುಸ್ತಕ ನನ್ನ ಮಡಿಲಲ್ಲೇ ಇತ್ತು.
ಬುಟ್ಟಿಗೊಂದು ಮನೆ, ಫ್ರೀ ಥ್ರೋಗೊಂದು ಮನೆ,
ಫೌಲಿಗೆ ಐದು.
ಅಡ್ಡ ನಿಂತವನಿಗೆ ಮನೆಯಿಲ್ಲ.
ಇಂದುಧರನ ಬೆನ್ನು ಹತ್ತಿದವರು
ಲೋಹಿತನ ಎದೆಗೆ ಬಡಿದು ತಡವರಿಸಿದ ಹೊತ್ತಲ್ಲೇ
ಆ ಇಪ್ಪತ್ಮೂರರಲ್ಲಿ ಹದಿನಾಲ್ಕು ಬಿದ್ದದ್ದು.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಚುಕ್ಕಿ ಇಟ್ಟುಕೊಂಡಿದ್ದೇನೆ.
ಹೇಳಬಹುದಿತ್ತು.
ಆದರೂ ಆರು ಲಕ್ಷ ಜಾಸ್ತಿಯೇ.
ನನಗೆ ಇಡೀ ಲೀಗಿಗೆ ನಾಲ್ಕು ಸಾವಿರ, ಒಂದು ಟೀಶರ್ಟು,
ಅದೂ ಇಬ್ಬರು ಹಿಡಿಸುವ ಸೈಜು.

ಹೋದ ಜೂನಿನಲ್ಲಿ ಡಿಡಿಪಿಐ ಆಫೀಸಿನ ಗೋಡೆಯ ಮೇಲೆ
ಹೆಚ್ಚುವರಿ ಶಿಕ್ಷಕರ ಪಟ್ಟಿ ಅಂಟಿಸಿದ್ದರು.
ನಲವತ್ತೊಂದನೆಯದು ನಾನು. ಹೆಸರಿಗೆ ಒಂದು ದೀರ್ಘ ಕಮ್ಮಿ.
ಸಕಲೇಶಪುರವೋ ಅರಕಲಗೂಡೋ ಅಂತ
ಕಂಪ್ಯೂಟರ್ ಮುಂದಿನ ಹುಡುಗ ಕೇಳಿದ,
ಸಾರೋ ಮಜ್ಜಿಗೆಯೋ ಅನ್ನುವ ದನಿಯಲ್ಲಿ.
ಇರಲಿ, ಅದು ಬೇರೆ ಮಾತು.

ಹತ್ತೂವರೆಯ ಬಸ್ಸಿಳಿದು ಬಂದ,
ಚಿಕ್ಕಮಗಳೂರಿನವರ ಪರವಾಗಿ ತೀರ್ಥಮಲ್ಲಯ್ಯ.
ದನದ ಸಂತೆಯ ಹಳೇ ಪರಿಚಯ ಇಬ್ಬರಿಗೂ.
ಊರಿನ ಸುದ್ದಿ ಆಯಿತು, ಮಂಡಿನೋವಿನ ಸುದ್ದಿ ಆಯಿತು,
ಆಮೇಲೆ ಚನ್ನಕೇಶವ ಹೆಗಲಿನ ಟವೆಲ್ಲು ತೆಗೆದು
ಇಬ್ಬರ ಕೈಮೇಲೆ ಹಾಸಿದ.
ಬಟ್ಟೆ ಒಂದೆರಡು ಸಲ ಮಿಸುಕಿತು.
ಒಂದು ಬೆರಳೋ, ಎರಡೋ.
ಎರಡಾದರೆ, ಎರಡನೆಯದು ಯಾವುದು?

ಗೇಟಿನ ಆಚೆ ಅಂಕಣದಲ್ಲಿ
ಯಾರೋ ಒಬ್ಬನೇ ಫ್ರೀ ಥ್ರೋ ಎಸೆಯುತ್ತಿದ್ದ.
ಭಾರದ ಹೆಜ್ಜೆ, ಲೋಹಿತನೇ ಇರಬೇಕು.
ಚೆಂಡು ಮೂರು ಸಲ ನೆಲಕ್ಕೆ, ಆಮೇಲೆ ತಡೆ,
ಆಮೇಲೆ ರಿಂಗಿನ ಟಣ್.
ಮತ್ತೆ ಮೂರು ಸಲ. ಮತ್ತೆ ಟಣ್.
ಅಭ್ಯಾಸಬಲ, ನನ್ನ ಪೆನ್ಸಿಲು ಬರೆಯತೊಡಗಿತು.
ಮತ್ತೆ ಮೂರು ಸಲ.
ಈ ಸಲ ಸದ್ದೇ ಇಲ್ಲ.

ಬಲೆ ಹರಿದು ತಿಂಗಳಾಯಿತು.
ನೇರ ಒಳಗೆ ಬಿದ್ದರೂ ಸದ್ದಿಲ್ಲ,
ಪೂರ್ತಿ ತಪ್ಪಿ ಗಾಳಿಯಲ್ಲಿ ಹೋದರೂ ಸದ್ದಿಲ್ಲ.
ಯಾವ ಮನೆಯಲ್ಲಿ ಬರೆಯಲಿ ಅಂತ ನಾನು,
ಮಿಸುಕುವ ಟವೆಲ್ಲನ್ನೇ ನೋಡುತ್ತಾ ಅವರು.