ಎರಡು ಮಾರು ನೀರಿನಲ್ಲಿ ಹಲ್ಲು

ಶುಕ್ರವಾರ ಸಂಜೆ, ದೋಣಿಯಲ್ಲಿ,
ತಾನೇ ಹೇಳಿದ ಜೋಕಿಗೆ ತಾನೇ ಮೊದಲು ನಕ್ಕು
ಮೇಲಿನ ಹಲ್ಲಿನ ಸೆಟ್ಟನ್ನು ಇಡಿಯಾಗಿ
ಐತುತಾಕಿಯ ಲಗೂನಿಗೆ ಕೊಟ್ಟುಬಿಟ್ಟ
ನಮ್ಮ ದೊಡ್ಡಪ್ಪ, ಪಾಪಾ ತೆಕೆಉ.

ಪುಳಕ್ ಅಂತ ಒಂದು ಸದ್ದು. ಅಷ್ಟೆ.
ಆಮೇಲೆ ಬೊಚ್ಚುಬಾಯಿಯಲ್ಲಿ ಉಳಿದರ್ಧ ನಗು,
ಅದು ನಿಲ್ಲಲು ಇನ್ನಷ್ಟು ಹೊತ್ತು.

ಭಾನುವಾರ ಚರ್ಚಿನಲ್ಲಿ ಪಾಠ ಓದುವ ಸರದಿ ಅವನದು.
ಪುಣ್ಯಕ್ಕೆ ನಮ್ಮ ಮಾತಿನಲ್ಲಿ ಸಕಾರವೇ ಇಲ್ಲ,
ಆದರೆ ವಕಾರಕ್ಕೆ ಮೇಲ್ಸಾಲು ಬೇಕು.
ಮುಂದಿನ ಬೆಂಚಿನ ಹೆಂಗಸರು ಬಿಡುವವರಲ್ಲ.

ನಾನು ಕೂಲಿಗೆ ಕಡಲು ತೋರಿಸುವವಳು.
ಆಕ್ಲೆಂಡಿನಿಂದ ಹ್ಯಾಂಬರ್ಗಿನಿಂದ ಬಂದವರ ಬೆನ್ನಿಗೆ
ಸಿಲಿಂಡರು ಬಿಗಿದು,
ಹೆದರಬೇಡಿ, ಎದ್ದು ನಿಂತರೆ ತಲೆ ಹೊರಗೆ ಎಂದು
ಸುಳ್ಳು ಹೇಳಿ ಕೈಹಿಡಿದು ಇಳಿಸುವವಳು.
ಹನ್ನೆರಡು ವರ್ಷದಿಂದ ದೊಡ್ಡಪ್ಪನ ಗೇಲಿ ಒಂದೇ:
'ಎರಡು ಮಾರು ನೀರಿಗೆ ಒಂದು ಹಂಡೆ ಗಾಳಿಯೇ?
ನಾವು ಒಂದುಸಿರಲ್ಲಿ ಇಳಿದು, ಪಾಉಆ ಚಿಪ್ಪು ಕಿತ್ತು,
ಮೇಲೆ ಬಂದು ಸಿಗರೇಟು ಹಚ್ಚುತ್ತಿದ್ದೆವು.'
ಆ ಸಿಗರೇಟುಗಳೆಲ್ಲ ಈಗ ಅವನ ಎದೆಯೊಳಗೆ
ಸಭೆ ಸೇರಿ ಕೆಮ್ಮುತ್ತವೆ.

ಶನಿವಾರ 'ನಾನೂ ಬರುತ್ತೇನೆ, ಜಾಗ ನನಗೆ ಗೊತ್ತು' ಅಂದ.
ಗೊತ್ತಿರಲಿಲ್ಲ.
ಸೊಂಟಕ್ಕೆ ಸೀಸ ಕಟ್ಟಿದೆ, ಮುಖಕ್ಕೆ ಮಾಸ್ಕು.
ರೆಗ್ಯುಲೇಟರಿನ ರಬ್ಬರು ಕಚ್ಚಲು ಮೇಲೆ ಹಲ್ಲಿಲ್ಲ;
ತುಟಿಯಲ್ಲೇ ಹಿಡಿದ, ಮೊಲೆ ಹಿಡಿದ ಕೂಸಿನ ಹಾಗೆ.

ಕೆಳಗೆ ಬಿಳಿ ಮರಳು. ಮರಳ ಮೇಲೆ ಬಿಸಿಲಿನ ಬಲೆ
ಯಾರೂ ಎಳೆಯದೆ ತಾನೇ ತೂಗುತ್ತಿತ್ತು.
ಸತ್ತ ಹವಳ, ಅದರ ಬಗಲಲ್ಲೇ
ಬೆರಳುದ್ದ ಬದುಕಿದ ಹವಳ.
ಹಲ್ಲಿನಂಥ ಬಿಳಿ ಚೂರು ಸಾವಿರ,
ಯಾವುದೂ ನಮ್ಮನ್ನು ನೋಡಿ ನಗಲಿಲ್ಲ.

ದೊಡ್ಡಪ್ಪ ಉಸಿರಾಡುತ್ತಿರಲಿಲ್ಲ.
ಹಳೇ ಅಭ್ಯಾಸ. ಉಸಿರು ಬಿಗಿಹಿಡಿದು,
ಒಂದೊಂದೇ ಬೆರಳು ಮಡಚಿ ಎಣಿಸುತ್ತಿದ್ದ.
ಗಾಬರಿಯಾಗಿ ಎದೆ ತಟ್ಟಿದೆ: ಬಿಡು, ಬಿಡು.
ಬಿಟ್ಟ. ಗುಳ್ಳೆ ಗೊಂಚಲಾಗಿ ಮೇಲೆ ಹೋಯಿತು.
ಎಳೆದ. ಇನ್ನೂ ಇತ್ತು.
ಮತ್ತೆ ಎಳೆದ.
ಇನ್ನೂ ಇತ್ತು.
ಮಾಸ್ಕಿನ ಹಿಂದೆ ಕಣ್ಣು ಅಷ್ಟಗಲ ಆದದ್ದನ್ನು
ಯಾವ ಹ್ಯಾಂಬರ್ಗಿನವನಲ್ಲೂ ಕಂಡವಳಲ್ಲ ನಾನು.

ಒಂದು ಪಾಉಆದ ಮುಂದೆ ಮಂಡಿಯೂರಿದ.
ಅರುವತ್ತು ವರ್ಷ ಅದನ್ನು ಚಾಕುವಿನ ತುದಿಯಿಂದ ಬಲ್ಲವನು:
ಮುಚ್ಚುವ ಮೊದಲು ಎಲ್ಲಿ ಕೊಯ್ಯಬೇಕು,
ಎಷ್ಟು ಮಾಂಸಕ್ಕೆ ಎಷ್ಟು ನಿಂಬೆ, ಎಷ್ಟು ತೆಂಗಿನಹಾಲು.
ಈಗ ಅದು ಬಾಯ್ತೆರೆದೇ ಇತ್ತು,
ನೀಲಿಯೊಳಗೆ ಹಸಿರು, ಹಸಿರಿನೊಳಗೆ
ನೀರಿಗೆ ಚೆಲ್ಲಿದ ಡೀಸೆಲ್ಲಿನ ಬಣ್ಣ.
ಅವನ ನೆರಳು ಬಿತ್ತು, ಮುದುಡಿತು.
ಸರಿದು ಕೂತ. ತೆರೆಯಿತು.
ಮತ್ತೆ ನೆರಳು ಬೀಳಗೊಡಲಿಲ್ಲ.

ನಾನು ಸುತ್ತಲಿನ ಮರಳೆಲ್ಲ ಜಾಲಾಡಿದೆ.
ಸಿಕ್ಕಿದ್ದು ಚಂಡಮಾರುತದ ವರ್ಷದ ಒಂದು ಪ್ರೊಪೆಲ್ಲರು,
ಒಂಟಿ ಚಪ್ಪಲಿ.
ಮೇಲೆ ಹೋಗೋಣವೆಂದು ಹೆಬ್ಬೆರಳೆತ್ತಿದೆ.
'ಬಲು ಚೆನ್ನ' ಅಂದೆನೆಂದು ತಿಳಿದು
ಅವನೂ ಹೆಬ್ಬೆರಳೆತ್ತಿ, ಅಲ್ಲೇ ಕೂತ,
ಗಾಳಿ ಮುಳ್ಳು ಕೆಂಪಿಗೆ ಬರುವ ತನಕ.

ದಡದಲ್ಲಿ ದೊಡ್ಡಮ್ಮ ಮೆರೆಆನಾ: 'ಸಿಕ್ಕಿತೇ?'
'ಕಡಲಿದೆ, ಹಲ್ಲಿಲ್ಲ' ಅಂದ,
ಅದನ್ನೂ ಅರ್ಧ ಗಾಳಿಯಲ್ಲೇ.

ಭಾನುವಾರದ ಪಾಠದ ಬಗ್ಗೆ ನಾನೇನೂ ಹೇಳಲಾರೆ.
ಮುಂದಿನ ಬೆಂಚಿನವರನ್ನು ಕೇಳಿ.

ಐದು ವಾರ ಕಳೆದು ರಾರೊತೊಂಗಾದಿಂದ ವಿಮಾನದಲ್ಲಿ
ಹೊಸ ಸೆಟ್ಟು ಬಂತು, ಹತ್ತಿಯಲ್ಲಿ ಸುತ್ತಿಕೊಂಡು.
ಮಾರನೆಯ ಬೆಳಿಗ್ಗೆ ನನ್ನ ಶೆಡ್ಡಿನ ಬಾಗಿಲಲ್ಲಿ ದೊಡ್ಡಪ್ಪ.
ಆಗಲೇ ಎರಡು ಸಿಲಿಂಡರು ದೋಣಿಯಲ್ಲಿಟ್ಟು ಬಂದಿದ್ದಾನೆ.
'ಆ ಹಳೇ ಹಲ್ಲು ಅಲ್ಲೇ ಎಲ್ಲೋ ಇರಬೇಕು ಕಣೇ,
ಇನ್ನೊಂದು ಸಲ ಹುಡುಕೋಣ' ಅನ್ನುತ್ತಾನೆ
ಹೊಸ ಹಲ್ಲಿನ ಸಾಲಷ್ಟೂ ತೋರಿಸುತ್ತ.